ಮೇಣಬಸದಿಗೆ ಸುಣ್ಣ ಹೊಡೆದ ಟೂಲು

ಆಟ ಕಟ್ಟಲು ಜೋಡಿಸಿಕೊಂಡ ಎಐ ಟೂಲು ಹೇಳುತ್ತಿದೆ, ಯಶಸ್ವಿಯಾಗಿದೆ ಅಂತೆ. ಏನು ಯಶಸ್ವಿಯಾಗಿದೆ ಮಾರಾಯ? ಪರದೆ ತುಂಬ ಹಾಲು ಚೆಲ್ಲಿದ ಹಾಗೆ ಬೆಳ್ಳಗಿದೆ. ಕಂಬ ಕಾಣುತ್ತಿಲ್ಲ, ಚಾವಣಿ ಕಾಣುತ್ತಿಲ್ಲ, ವಿಷ್ಣು ಎಲ್ಲಿ ಹೋದನೋ ಗೊತ್ತಿಲ್ಲ. ಪಕ್ಕದಲ್ಲಿ ಹಸಿರು ಟಿಕ್ ಮಾತ್ರ ಜೋರಾಗಿ ಹೊಳೆಯುತ್ತಿದೆ.

ಶನಿವಾರ ಬೆಳಗ್ಗೆಯಿಂದ ರಾತ್ರಿವರೆಗೂ ಇದೇ ಆಯಿತು. ಹೊಟ್ಟೆ ಉರಿದು ಬರೆಯುತ್ತಿದ್ದೇನೆ. ಬೈಗುಳ ಜಾಸ್ತಿ ಆದರೆ ಸಹಿಸಿಕೊಳ್ಳಿ.

ನಾನಿರುವುದು ಬಾಗಲಕೋಟೆಯ ನವನಗರದಲ್ಲಿ. ಒಂದು ಸಣ್ಣ ಆಟಕ್ಕಾಗಿ ಯೂನಿಟಿಯಲ್ಲಿ, ಅಂದರೆ ಕಂಪ್ಯೂಟರ್ ಆಟ ಕಟ್ಟುವ ಸಾಫ್ಟ್‌ವೇರಿನಲ್ಲಿ, ಬಾದಾಮಿಯ ಮೂರನೇ ಗವಿಯನ್ನು ಕಟ್ಟುತ್ತಿದ್ದೇನೆ. ಚಾಲುಕ್ಯರ ಮಂಗಳೇಶ ಕೊರೆಸಿದ, 578ರ ಶಾಸನ ಇರುವ ಗವಿ. ನಮ್ಮ ಕಡೆ ಮೇಣಬಸದಿ ಅಂದರೆ ಎಲ್ಲರಿಗೂ ಗೊತ್ತು. ಅಲ್ಲಿ ಒಳಗೆ ಹೋಗಿ ಸ್ವಲ್ಪ ಹೊತ್ತು ನಿಂತು ನೋಡಿದ್ದೀರಾ? ಗವಿಯ ಬಾಯಿ ಉತ್ತರಕ್ಕೆ. ಬಿಸಿಲು ನೇರವಾಗಿ ಒಳಗೆ ನುಗ್ಗುವುದು ಕಡಿಮೆ. ಆದರೂ ಒಳಗೆ ಕಗ್ಗತ್ತಲೆ ಇರುವುದಿಲ್ಲ. ಹೊರಗಿನ ಬೆಳಕು ಅಂಗಳದ ಕೆಂಪು ಕಲ್ಲಿಗೆ ಬಡಿದು, ಅಲ್ಲಿಂದ ಪುಟಿದು ಚಾವಣಿಗೆ ಹತ್ತುತ್ತದೆ. ಮೇಲಿಂದ ಆಕಾಶದ ತಣ್ಣನೆಯ ನೀಲಿ, ಕೆಳಗಿಂದ ಕಲ್ಲಿನ ಕೆಂಪು. ಎರಡರ ನಡುವೆ ಶೇಷನ ಮೇಲೆ ಕೂತ ವಿಷ್ಣು. ಅವನ ಗಲ್ಲದ ಕೆಳಗೂ ಒಂದು ಮಂದ ಕೆಂಪು ಇರುತ್ತದೆ. ನನಗೆ ಬೇಕಾಗಿದ್ದು ಅಷ್ಟೇ, ಆ ಕೆಂಪು.

ಯೂನಿಟಿಯಲ್ಲಿ ಇದನ್ನೇ ಆಂಬಿಯಂಟ್ ಲೈಟ್ ಅನ್ನುತ್ತಾರೆ. ಅದರಲ್ಲಿ ಗ್ರೇಡಿಯಂಟ್ ಅಂತ ಒಂದು ಆಯ್ಕೆ ಇದೆ. ಆಕಾಶಕ್ಕೊಂದು, ನಡುವಿಗೊಂದು, ನೆಲಕ್ಕೊಂದು, ಹೀಗೆ ಮೂರು ಬಣ್ಣ ಕೊಡಬಹುದು. ನನ್ನ ಗವಿಗೆ ಅಳತೆ ತೆಗೆದು ಹೊಲಿದ ಹಾಗಿದೆ. ಲೈಟಿಂಗ್ ವಿಂಡೋ ತೆಗೆದು ಕೈಯಿಂದ ಮಾಡಿದರೆ ಎರಡು ನಿಮಿಷದ ಕೆಲಸ. ಆದರೆ ಗೆಳೆಯನೊಬ್ಬ ಕಿವಿ ಊದಿದ. ‘ಈಗ ಯಾರು ಕೈಯಿಂದ ಮಾಡ್ತಾರೋ? ಯೂನಿಟಿಯ ಎಡಿಟರ್‌ಗೆ ಎಐ ಟೂಲ್ ಜೋಡಿಸು, ಏನು ಬೇಕು ಅಂತ ಬರೆ, ಅದೇ ಮಾಡುತ್ತೆ.’ ಬೆಳಗ್ಗೆ, ಮಧ್ಯಾಹ್ನ, ಸಂಜೆ ಅಂತ ಮೂರು ಸೀನ್ ಇದ್ದವು. ಆಸೆ ಆಯಿತು. ನನ್ನದೇ ತಪ್ಪು.

ಗ್ರೇಡಿಯಂಟ್ ಇಡು ಅಂದೆ. ಟಿಕ್ ಬಂತು. ಗವಿ ಪೂರ್ತಿ ಒಂದೇ ಬಣ್ಣ, ಗೋಡೆಗೆ ಡಿಸ್ಟೆಂಪರ್ ಬಳಿದ ಹಾಗೆ. ಬೆಳಕು ಜಾಸ್ತಿ ಆಗಿರಬೇಕು ಅಂದುಕೊಂಡು ಇಂಟೆನ್ಸಿಟಿ 0.6 ಮಾಡು ಅಂದೆ. ಟಿಕ್. ಏನೂ ಬದಲಾಗಲಿಲ್ಲ. 0.3 ಅಂದೆ. ಟಿಕ್. ಹಾಗೇ ಇದೆ. ನನ್ನ ಕಣ್ಣೇ ಮಂಜಾಯಿತಾ ಅಂತ ಕನ್ನಡಕ ಒರೆಸಿಕೊಂಡು ನೋಡಿದೆ.

ಮಧ್ಯಾಹ್ನದ ಹೊತ್ತಿಗೆ ಕಾರಣ ಸಿಕ್ಕಿತು. ವಿಂಡೋದಲ್ಲಿ ಗ್ರೇಡಿಯಂಟ್ ಅಂತ ಇರುವುದಕ್ಕೆ ಕೋಡ್‌ನಲ್ಲಿ ಹೆಸರು ಟ್ರೈಲೈಟ್. ವಿಂಡೋದ ಕಲರ್‌ಗೆ ಕೋಡ್‌ನಲ್ಲಿ ಫ್ಲ್ಯಾಟ್. ಅಂದರೆ ಎಲ್ಲ ಕಡೆ ಒಂದೇ ಬಣ್ಣ. ಈ ಟೂಲಿಗೆ ಗ್ರೇಡಿಯಂಟ್ ಅನ್ನುವ ಪದವೇ ಗೊತ್ತಿಲ್ಲ. ಗೊತ್ತಿಲ್ಲದ್ದು ಬಂದರೆ ಸುಮ್ನೆ ಫ್ಲ್ಯಾಟ್ ಹಾಕಿಬಿಡುತ್ತದೆ. ಅಂಗಡಿಗೆ ಹೋಗಿ ಜೋಳ ಕೇಳಿದರೆ ಇಲ್ಲ ಅನ್ನಬೇಕು ಅಲ್ವಾ? ಅಕ್ಕಿ ಕಟ್ಟಿಕೊಟ್ಟು ‘ತಗೋರಿ ಜೋಳ’ ಅಂದರೆ ಹೇಗೆ? ಇನ್ನು ಇಂಟೆನ್ಸಿಟಿ ಮಲ್ಟಿಪ್ಲೈಯರ್ ಕೆಲಸ ಮಾಡುವುದು ಬೆಳಕಿನ ಮೂಲ ಸ್ಕೈಬಾಕ್ಸ್, ಅಂದರೆ ಸೀನ್ ಸುತ್ತ ಹೊದಿಸಿದ ಆಕಾಶದ ಚಿತ್ರ, ಆಗಿದ್ದಾಗ ಮಾತ್ರ. ಫ್ಲ್ಯಾಟ್‌ನಲ್ಲಿ ಅದಕ್ಕೆ ಬೆಲೆಯೇ ಇಲ್ಲ. ಅಂದರೆ ಇಡೀ ಬೆಳಗ್ಗೆ ನಾನು ವೈರ್ ಕಿತ್ತ ಫ್ಯಾನಿನ ರೆಗ್ಯುಲೇಟರ್ ತಿರುಗಿಸುತ್ತಿದ್ದೆ. ಅದು ಪ್ರತಿ ಸಲ ‘ಗಾಳಿ ಬಂತು’ ಅನ್ನುತ್ತಿತ್ತು.

ಆಮೇಲೆ ಬಣ್ಣದ ಕಥೆ. ಫೋನಿನಲ್ಲಿ ತೆಗೆದ ಫೋಟೋದಿಂದ ಕಲ್ಲಿನ ಬಣ್ಣ ಆರಿಸಿದೆ: 168, 92, 64. ಟೂಲಿನ ವಿವರಣೆಯಲ್ಲಿ ಬರೆದಿದ್ದು ಇಷ್ಟೇ: ಬಣ್ಣಕ್ಕೆ ಮೂರು ಅಂಕಿ ಕೊಡಿ. ಸೇರಾ, ಕಿಲೋನಾ, ಹೇಳೋದು ಬೇಡವಾ? ಎಂಜಿನ್, ಅಂದರೆ ಯೂನಿಟಿ, ಬಣ್ಣ ಅಳೆಯುವುದು 0ಯಿಂದ 1ರ ಲೆಕ್ಕದಲ್ಲಿ. ಫೋಟೋದ ಅಂಕಿಯನ್ನು 255ರಿಂದ ಭಾಗಿಸಿ ಕೊಡಬೇಕು. ಇದು ಭಾಗಿಸಲಿಲ್ಲ, ಕೇಳಲೂ ಇಲ್ಲ. 1ಕ್ಕೇ ಪೂರ್ತಿ ಬಣ್ಣ ಆಗುವ ಕಡೆ 168 ಸುರಿಯಿತು. ಬಾದಾಮಿಯ ಕೆಂಪು ಕಲ್ಲು ಹಾಲಾಯಿತು. ಚಹಾ ತಂದ ಅವ್ವ ಪರದೆ ನೋಡಿ ಕೇಳಿದಳು: ‘ಯಾಕಪಾ, ಮೇಣಬಸದಿಗೆ ಸುಣ್ಣ ಹೊಡಿಸಿದಿ ಏನ?’

ನಾನೇ ಭಾಗಿಸಿ 0.66, 0.36, 0.25 ಕೊಟ್ಟೆ. ಟ್ರೈಲೈಟ್ ಅಂತಲೂ ಬರೆದೆ. ಆಗ ಬಂತು ನೋಡಿ ಆ ಕೆಂಪು! ಖುಷಿಯಲ್ಲಿ ಎಲ್ಲ ಮುಚ್ಚಿ ವಿದ್ಯಾಗಿರಿ ಕಡೆ ಹೋಗಿ ಮಿರ್ಚಿ ಭಜಿ ತಿಂದು ಬಂದೆ. ತೆಗೆದು ನೋಡಿದರೆ ಮತ್ತೆ ಡಿಸ್ಟೆಂಪರ್. ಸೀನ್ ಬದಲಾಗಿದೆ ಅಂತ ಟೂಲು ಎಡಿಟರ್‌ಗೆ ತಿಳಿಸಿಯೇ ಇರಲಿಲ್ಲ. ಹಾಗಾಗಿ ಮುಚ್ಚುವಾಗ ಸೇವ್ ಮಾಡಲಾ ಅಂತ ಎಡಿಟರ್ ಕೇಳಲೂ ಇಲ್ಲ. ತಿಂದ ಭಜಿ ಹೊಟ್ಟೆಯಲ್ಲೇ ಕಾರವಾಯಿತು.

ತಪ್ಪು ಆಗಲಿ, ಅದಕ್ಕೆ ಸಿಟ್ಟಿಲ್ಲ. ನಾನೂ ದಿನಕ್ಕೆ ಹತ್ತು ತಪ್ಪು ಮಾಡುತ್ತೇನೆ. ಈ ಟಿಕ್‌ಗೆ ಸಿಟ್ಟು. ಬರೆದ ಮೇಲೆ ಅದೇ ಮೌಲ್ಯವನ್ನು ಎಂಜಿನ್‌ನಿಂದ ಓದಿ ನೋಡಲು ಒಂದು ಸಾಲು ಕೋಡ್ ಸಾಕು. ಗ್ರೇಡಿಯಂಟ್ ಕೇಳಿದರು, ಫ್ಲ್ಯಾಟ್ ಇದೆ, ಎಡವಟ್ಟಾಯಿತು ಅಂತ ಹೇಳಬಹುದಿತ್ತು. ಕೆಂಪು ಬಣ್ಣದಲ್ಲಿ ಎರರ್ ಕೊಟ್ಟಿದ್ದರೆ ಬೆಳಗ್ಗೆ ಹನ್ನೊಂದಕ್ಕೇ ಮುಗಿಯುತ್ತಿತ್ತು.

ರಾತ್ರಿ ಲೈಟಿಂಗ್ ವಿಂಡೋ ತೆಗೆದೆ. ಗ್ರೇಡಿಯಂಟ್, ಮೂರು ಬಣ್ಣ, ಸೇವ್. ಎರಡು ನಿಮಿಷವೂ ಹಿಡಿಯಲಿಲ್ಲ. ಮೂರೂ ಸೀನ್ ಮುಗಿಸಿ, ಹೊಟ್ಟೆಕಿಚ್ಚಿಗೆ ಟೂಲನ್ನು ಕೇಳಿದೆ, ಈಗ ಗವಿಯಲ್ಲಿ ಯಾವ ಬೆಳಕಿದೆ ಅಂತ. ಎಂಜಿನ್ ಕಡೆ ತಿರುಗಿಯೂ ನೋಡದೆ ತಾನು ಮೊದಲು ಬರೆದಿಟ್ಟುಕೊಂಡ ಹಳೆಯ ಲಾಗ್ ಓದಿ ಹೇಳಿತು: ‘ಫ್ಲ್ಯಾಟ್, ಇಂಟೆನ್ಸಿಟಿ 0.3.’ ಪಕ್ಕದಲ್ಲಿ ಹಸಿರು ಟಿಕ್.