‘ಇದು ನಾನೇ’ ಅನ್ನಿಸಿದರೆ ಸಾಕಾ?

ಎಂಬಿಟಿಐ (MBTI) ಅಂದರೆ ಪ್ರಶ್ನೆಗಳಿಗೆ ಕೊಟ್ಟ ಉತ್ತರ ನೋಡಿ ನಮ್ಮ ಸ್ವಭಾವಕ್ಕೆ ನಾಲ್ಕು ಅಕ್ಷರದ ಗುರುತು ಕೊಡುವ ವ್ಯಕ್ತಿತ್ವ ಪರೀಕ್ಷೆ. ಅದರ ಬಗ್ಗೆ ಬಂದ ಲೇಖನವೊಂದನ್ನು ಓದಿದೆ. ಫಲಿತಾಂಶ ಓದಿದವರಿಗೆ ‘ಇದು ನಾನೇ’ ಅನ್ನಿಸುತ್ತದೆ, ಹಾಗಾಗಿ ಈ ಪರೀಕ್ಷೆಯನ್ನು ನಂಬಬಹುದು ಅಂತ ಅದರ ಲೇಖಕರು ಬರೆದಿದ್ದಾರೆ. ಇದೊಂದು ಮಾತು ನನಗೆ ಒಪ್ಪಿಗೆಯಿಲ್ಲ. 1948ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಬರ್ಟ್ರಮ್ ಫೋರರ್ ತಮ್ಮ 39 ವಿದ್ಯಾರ್ಥಿಗಳಿಗೆ ಒಂದು ವ್ಯಕ್ತಿತ್ವ ಪರೀಕ್ಷೆ ಕೊಟ್ಟು, ಆಮೇಲೆ ‘ಇದು ನಿಮ್ಮ ಫಲಿತಾಂಶ’ ಅಂತ ಎಲ್ಲರ ಕೈಗೂ ಒಂದೇ ವಿವರಣೆ ಇಟ್ಟರು. ಅದರ ಸಾಲುಗಳನ್ನು ಹೆಚ್ಚಾಗಿ ಆರಿಸಿದ್ದು ಜ್ಯೋತಿಷ್ಯದ ಪುಸ್ತಕದಿಂದ. ಎಷ್ಟು ಸರಿಯಾಗಿದೆ ಅಂತ ಕೇಳಿದರೆ ವಿದ್ಯಾರ್ಥಿಗಳು ಕೊಟ್ಟ ಅಂಕ ಸರಾಸರಿ 5ಕ್ಕೆ 4.26! ನಮ್ಮ ವಾರಭವಿಷ್ಯದ ಕಥೆಯೂ ಇದೇ ಅಲ್ವಾ?

ನನ್ನದೇ ಅನುಭವ ಹೇಳ್ತೀನಿ. ಆಫೀಸಿನ ಟ್ರೈನಿಂಗ್‌ನಲ್ಲಿ ಈ ಪರೀಕ್ಷೆ ಮಾಡಿಸಿದಾಗ ಮೊದಲ ಅಕ್ಷರ ‘ಇ’ (E) ಬಂತು, ಅಂದರೆ ಜನರ ಜೊತೆ ಬೆರೆಯುವವಳು. ನಾಲ್ಕು ತಿಂಗಳಿಗೆ ಮತ್ತೆ ಮಾಡಿಸಿದಾಗ ‘ಐ’ (I), ಒಳಮುಖಿ! ‘ಹೊಸಬರ ಜೊತೆ ಸುಲಭವಾಗಿ ಮಾತಾಡುತ್ತೀರಾ?’ ಅನ್ನುವ ಪ್ರಶ್ನೆಗೆ ಮೊದಲ ಸಲ ತಂಗಿ ಮದುವೆ ಮನೆ ನೆನೆಸಿಕೊಂಡು ಹೌದು ಅಂದಿದ್ದೆ. ಎರಡನೇ ಸಲ ತಲೆಯಲ್ಲಿ ಇದ್ದದ್ದು ಅಪ್ರೈಸಲ್ ಮೀಟಿಂಗು. ನಾನೇನೂ ಬದಲಾಗಿರಲಿಲ್ಲ, ‘ಇ’, ‘ಐ’ ನಡುವಿನ ಗೆರೆಯ ಹತ್ತಿರ ನಿಂತಿದ್ದೆ ಅಷ್ಟೇ. ಐದೂವರೆ ಅಡಿಗೆ ಗೆರೆ ಎಳೆದು ಎಲ್ಲರನ್ನೂ ಉದ್ದ, ಗಿಡ್ಡ ಅಂತ ಎರಡೇ ಗುಂಪು ಮಾಡಿದರೆ ಅರ್ಧ ಇಂಚಿಗೆ ಗುಂಪೇ ಬದಲಾಗುತ್ತದೆ. ಸ್ವಭಾವವನ್ನು ಐದು ಗುಣಗಳಲ್ಲಿ ಅಳೆಯುವ ‘ಬಿಗ್ ಫೈವ್’ ಅನ್ನುವ ಇನ್ನೊಂದು ವಿಧಾನದಲ್ಲಿ ಹೀಗೆ ಗುಂಪು ಮಾಡುವುದಿಲ್ಲ, ಪ್ರತಿ ಗುಣಕ್ಕೂ ಅಂಕ ಕೊಡುತ್ತಾರೆ. ಸಂಶೋಧಕರು ಅದನ್ನು ಜಾಸ್ತಿ ನಂಬುವುದಕ್ಕೆ ಇದೂ ಒಂದು ಕಾರಣ.

ಕೆಲಸಕ್ಕೆ ಆರಿಸಲು ಎಂಬಿಟಿಐ ಬಳಸಬಾರದು ಅಂತ ಆ ಪರೀಕ್ಷೆ ಹೊರತರುವ ಸಂಸ್ಥೆಯವರೇ ಹೇಳುತ್ತಾರೆ. ನಮ್ಮ ಎಚ್‌ಆರ್ ಮಾತ್ರ ಆ ನಾಲ್ಕು ಅಕ್ಷರ ನೋಡಿಯೇ ನನ್ನನ್ನು ಕ್ಲೈಂಟ್ ಟೀಮಿನಿಂದ ತೆಗೆದರು.