ಜಿನ್ ಅವರದು, ಪಾನಕ ನಮ್ಮದು

ದಾವಣಗೆರೆಯಲ್ಲಿ ಕುಡಿಯುವವರ ದುಡ್ಡೆಲ್ಲ ಬಾಟಲಿಗೇ ಹೋಗುತ್ತದೆ. ಅದಕ್ಕೆ ಬೆರೆಸಲು ಯಾವುದೋ ಒಂದು ಸಿಹಿ ಸೋಡಾ ಸಿಕ್ಕರೆ ಸಾಕು. ನಾನೀಗ ಇರುವ ದಕ್ಷಿಣ ಲಂಡನ್ನಿನ ಕ್ರಾಯ್ಡನ್‌ನಲ್ಲಿ ಇದರ ತಿರುವುಮುರುವು. ಶನಿವಾರ ಸಂಜೆ ಯಾರಾದರೂ ಮನೆಗೆ ಕರೆದರೆ ಜಿನ್ ಬಾಟಲಿ ಎಲ್ಲೋ ಮೂಲೆಯಲ್ಲಿರುತ್ತದೆ. ಮೇಜಿನ ನಡುವೆ ಇರುವುದು ನಿಂಬೆ, ಸೌತೆಕಾಯಿ, ಸ್ಟ್ರಾಬೆರಿ, ಪುದೀನ, ಒಂದು ಬಕೆಟ್ ಐಸ್. ಅಳೆದು, ಕಲಕಿ, ಸೋಸಿ ಕೊಡುತ್ತಾರೆ. ಆದರೆ ಆ ಹಣ್ಣಿಗೂ ಸೊಪ್ಪಿಗೂ ರುಚಿಯೇ ಇರುವುದಿಲ್ಲ. ಪುದೀನ ಪ್ಲಾಸ್ಟಿಕ್ ಪೊಟ್ಟಣದಲ್ಲಿ ಮೊರಾಕ್ಕೊದಿಂದಲೋ ಕೆನ್ಯಾದಿಂದಲೋ ಬಂದಿರುತ್ತದೆ, ಮೂಗಿಗೆ ಹಿಡಿದು ಹುಡುಕಬೇಕು ವಾಸನೆ ಎಲ್ಲಿದೆ ಅಂತ. ಅಲ್ಲಿ ಕೆಲಸ ಅಚ್ಚುಕಟ್ಟು, ಸಾಮಾನು ಸಪ್ಪೆ. ಊರಿನಲ್ಲಿ ಸಾಮಾನು ಬಲು ಚೆನ್ನ, ಕೆಲಸ ಮಾಡುವ ತಾಳ್ಮೆ ಯಾರಿಗೂ ಇಲ್ಲ.

ತಾಳ್ಮೆ ಇಲ್ಲದ್ದಕ್ಕೆ ಕಾರಣವೂ ಇದೆ ಅನ್ನಿ. ನಮ್ಮ ಕಡೆ ಕುಡಿತ ಅಂದರೆ ಮನೆಯಿಂದ ಹೊರಗೆ, ಕತ್ತಲೆ ಬಾರಿನಲ್ಲಿ, ಬೇಗ ಮುಗಿಸಿ ಎದ್ದು ಬರುವ ಕೆಲಸ. ಕ್ವಾರ್ಟರ್ ಅಂದರೆ 180 ಎಂಎಲ್. ಕೂತ ಹೊತ್ತಿನಲ್ಲಿ ಅದು ಖಾಲಿಯಾಗಬೇಕು, ಬಾಯಿಗೆ ಏಲಕ್ಕಿ ಹಾಕಿಕೊಂಡು ಮನೆ ಸೇರಬೇಕು. ಇಂಥದ್ದರಲ್ಲಿ ಪುದೀನ ಬಿಡಿಸುತ್ತಾ ಕೂರುವವರು ಯಾರು? ಇಂಗ್ಲೆಂಡಿನ ಪಬ್ಬಿನಲ್ಲಿ ಜಿನ್ನಿನ ಒಂದು ಅಳತೆ 25 ಎಂಎಲ್, ಇಲ್ಲವೇ 35. ಕಾನೂನೇ ಹಾಗಿದೆ. ನಮ್ಮ ಸಣ್ಣ ಪೆಗ್ಗೇ 30. ಹಾಗಂತ ಅಲ್ಲಿಯವರೆಲ್ಲ ಶಿಸ್ತಿನ ಸಿಪಾಯಿಗಳು ಅಂತಲ್ಲ, ಶುಕ್ರವಾರ ರಾತ್ರಿ ಕೊನೆಯ ರೈಲು ಹತ್ತಿ ನೋಡಿದರೆ ಗೊತ್ತಾಗುತ್ತದೆ. ಆದರೆ ಮನೆಯಲ್ಲಿ ಎಲ್ಲರೆದುರು ಮಾಡುವ ಪಾನೀಯಕ್ಕೆ ಅವರು ಅಡುಗೆಯ ಮರ್ಯಾದೆ ಕೊಡುತ್ತಾರೆ. ನನಗೆ ಹಿಡಿಸಿದ್ದು ಅದು.

ಈ ಅಡುಗೆ ನಮಗೆ ಬರದ್ದೇನಲ್ಲ. ಹುಳಿ, ಸಿಹಿ, ಸೊಪ್ಪಿನ ಘಮ, ತಂಪು, ಇಷ್ಟೇ ತಾನೇ? ರಾಮನವಮಿ ಪಾನಕ ಮಾಡುವವರಿಗೆ, ನಿಂಬೆ ಶರಬತ್ತಿಗೆ ಚಿಟಿಕೆ ಉಪ್ಪು ಹಾಕುವವರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಲಂಡನ್ನಿನ ದುಬಾರಿ ಬಾರುಗಳಲ್ಲಿ ಉಪ್ಪುನೀರನ್ನು ಪುಟ್ಟ ಶೀಷೆಯಲ್ಲಿಟ್ಟುಕೊಂಡು ಎರಡು ಹನಿ ಬಿಡುತ್ತಾರೆ. ನನ್ನ ಅಮ್ಮ ಅದನ್ನು ಬೆರಳ ತುದಿಯಲ್ಲೇ ಮಾಡುತ್ತಿದ್ದಳು, ಅದೂ ಒಂದು ದೊಡ್ಡ ಕೊಳಗಕ್ಕೆ.

ಜಿನ್ ಕೂಡ ನಾವು ಅಂದುಕೊಂಡಷ್ಟು ಪರಕೀಯವಲ್ಲ. ಅದರ ಮೂಲ ಘಮ ಜುನಿಪರ್ ಕಾಯಿಯದು, ಸ್ವಲ್ಪ ಪೈನ್ ಮರದ ವಾಸನೆ. ಅದರ ನಂತರ ಹೆಚ್ಚಾಗಿ ಬೀಳುವುದು ಕೊತ್ತಂಬರಿ ಬೀಜ. ಹೌದು, ಸಾರಿನಪುಡಿಗೆ ಹುರಿಯುವ ಅದೇ ಬೀಜ. ನಿಂಬೆ ಕಿತ್ತಳೆ ಸಿಪ್ಪೆ, ಕೆಲವರು ಏಲಕ್ಕಿಯನ್ನೂ ಹಾಕುತ್ತಾರೆ. ಅದಕ್ಕೇ ಜಿನ್ ನಮ್ಮ ಹಣ್ಣು ಸೊಪ್ಪಿನ ಜೊತೆ ಸಲೀಸಾಗಿ ಹೊಂದಿಕೊಳ್ಳುವುದು. ‘ಲಂಡನ್ ಡ್ರೈ’ ಅಂತ ಬರೆದಿದ್ದರೆ ಅದು ಲಂಡನ್ನಿನಿಂದಲೇ ಬಂದಿರಬೇಕಿಲ್ಲ. ಬಟ್ಟಿ ಇಳಿಸಿದ ಮೇಲೆ ಬೇರೆ ಪರಿಮಳ ಬೆರೆಸಿಲ್ಲ ಅನ್ನುವುದಷ್ಟೇ ಅದರ ಗುಟ್ಟು. ಗೋವಾದಲ್ಲಿ 2017ರಲ್ಲಿ ಗ್ರೇಟರ್ ದ್ಯಾನ್, 2018ರಲ್ಲಿ ಸ್ಟ್ರೇಂಜರ್ ಆಂಡ್ ಸನ್ಸ್ ಅನ್ನುವ ಜಿನ್‌ಗಳು ಶುರುವಾದ ಮೇಲೆ ನಮ್ಮ ದೇಶದ ಒಳ್ಳೆಯ ಜಿನ್ನಿಗೂ ಕೊರತೆ ಇಲ್ಲ. ಗುಲಾಬಿ ಬಣ್ಣದ, ಮೊದಲೇ ಸಿಹಿ ಬೆರೆಸಿದ ಜಿನ್ ಮಾತ್ರ ಬೇಡ. ತಾಜಾ ಹಣ್ಣು ಕೈಯಲ್ಲಿರುವಾಗ ಎಸೆನ್ಸ್ ಯಾಕೆ?

ಹಣ್ಣಿನ ವಿಷಯಕ್ಕೆ ಬಂದರೆ ನನ್ನ ಮತ ದಾಳಿಂಬೆಗೆ. ಹಿರಿಯೂರು, ಹೊಸದುರ್ಗದ ಕಡೆಯ ದಾಳಿಂಬೆ ದಾವಣಗೆರೆ ತಳ್ಳುಗಾಡಿಯಲ್ಲಿ ಸಿಗುವಾಗ ಸೂಪರ್‌ಮಾರ್ಕೆಟ್ಟಿನ ಬೆರಿಗಳ ಹಂಗೇ ಬೇಡ. ಮಿಕ್ಸಿಗೆ ಹಾಕಬೇಡಿ, ಬೀಜ ಒಡೆದು ಕಹಿ ಬಿಡುತ್ತದೆ. ಹಣ್ಣನ್ನು ಅಡ್ಡಕ್ಕೆ ಕೊಯ್ದು, ಬೋರಲು ಹಿಡಿದು, ಬೆನ್ನಿಗೆ ಸೌಟಿನಿಂದ ತಟ್ಟಿ. ಕಾಳು ತಾನಾಗಿ ಉದುರುತ್ತದೆ. ಬಿಳಿ ಸಿಪ್ಪೆ ಬಿದ್ದರೆ ಆರಿಸಿ ತೆಗೆಯಿರಿ, ಒಗರು ಇರುವುದು ಅದರಲ್ಲೇ. ಜಾಲರಿ ಮೇಲೆ ಕಾಳು ಹರಡಿ ಅದೇ ಸೌಟಿನಿಂದ ಒತ್ತಿದರೆ ರಸ ತಿಳಿಯಾಗಿ ಇಳಿಯುತ್ತದೆ.

ಸೊಪ್ಪಿನಲ್ಲಿ ಇಂಗ್ಲೆಂಡಿನವರು ಪುದೀನ, ಬೇಸಿಲ್, ರೋಸ್‌ಮೆರಿ ಬಳಸುತ್ತಾರೆ. ಬೇಸಿಲ್ ಬದಲು ನಮ್ಮಲ್ಲಿ ಕಾಮಕಸ್ತೂರಿ ಇದೆಯಲ್ಲ! ಜರ್ಮನಿಯ ಹ್ಯಾಂಬರ್ಗ್‌ನ ಒಂದು ಬಾರಿನಲ್ಲಿ 2008ರಲ್ಲಿ ಜಿನ್ನಿಗೆ ಹಿಡಿ ಬೇಸಿಲ್ ಎಲೆ ಜಜ್ಜಿ, ನಿಂಬೆ ಹಿಂಡಿ ಕೊಟ್ಟರು. ಜಗತ್ತೆಲ್ಲ ಅದರ ಹಿಂದೆ ಬಿತ್ತು. ನಮ್ಮಲ್ಲಿ ಕಾಮಕಸ್ತೂರಿ, ಮರುಗ ಎರಡೂ ಮಾಲೆಗೆ ಹೋಗುತ್ತವೆ, ಬಾಯಿಗೆ ಬರುವುದೇ ಇಲ್ಲ. ಹೂವಿನಂಗಡಿಯದ್ದನ್ನು ಮಾತ್ರ ತರಬೇಡಿ, ತಿನ್ನುವುದಕ್ಕಂತ ಬೆಳೆದದ್ದಲ್ಲ ಅದು, ಏನು ಸಿಂಪಡಿಸಿರುತ್ತಾರೋ. ಕುಂಡದಲ್ಲಿ ಒಂದು ಗಿಡ ಇಟ್ಟರೆ ಸಾಕು. ತುಳಸಿ ಹಾಕಬಹುದಾ ಅಂತ ಒಮ್ಮೆ ಕೇಳಿದ್ದಕ್ಕೆ ಅಮ್ಮ, “ಕಟ್ಟೆ ಹತ್ರ ಹೋಗಿ ನೋಡು, ಕಾಲು ಮುರೀತೀನಿ” ಅಂದಳು. ಅದು ಅಲ್ಲಿಗೇ ಮುಗಿಯಿತು, ಮುಗಿಯಬೇಕಾದದ್ದೂ ಹೌದು.

ಇನ್ನು ಮಾಡುವ ಬಗೆ. ಒಂದು ಲೋಟಕ್ಕೆ ದಾಳಿಂಬೆ ರಸ 60 ಎಂಎಲ್, ನಿಂಬೆರಸ 20, ಸಕ್ಕರೆ ಪಾಕ 15. ಪಾಕ ಅಂದರೆ ಸಕ್ಕರೆ, ನೀರು ಸಮಸಮ ಹಾಕಿ ಕರಗಿಸಿದ್ದು ಅಷ್ಟೇ, ಎಳೆ ಬರಿಸಬೇಕಿಲ್ಲ. ಬೆಲ್ಲ ಹಾಕೋಣ ಅನ್ನಿಸುತ್ತದೆ, ಆದರೆ ಬೆಲ್ಲದ ಘಮ ಜಿನ್ನನ್ನು ನುಂಗಿಬಿಡುತ್ತದೆ. ಅದನ್ನು ರಮ್ಮಿಗೆ ಇಟ್ಟುಕೊಳ್ಳಿ. ಏಳೆಂಟು ಪುದೀನ ಎಲೆಯನ್ನು ಅಂಗೈಯಲ್ಲಿಟ್ಟು ಒಂದು ಚಪ್ಪಾಳೆ ತಟ್ಟಿ ಹಾಕಿ. ಕುಟ್ಟಾಣಿಯಲ್ಲಿ ಚಟ್ನಿ ಮಾಡಿದರೆ ಹಸಿರು ಕಹಿ ಇಳಿಯುತ್ತದೆ. ಚಿಟಿಕೆ ಉಪ್ಪು. ಜಿನ್ 45 ಎಂಎಲ್, ಅದಕ್ಕಿಂತ ಜಾಸ್ತಿ ಬೇಡ. ನಮ್ಮಲ್ಲಿ ಸಿಗುವ ಬಾಟಲಿಗಳ ಮೇಲೆ ಸಾಮಾನ್ಯವಾಗಿ ಮದ್ಯಸಾರ ಶೇ. 42.8 ಅಂತಿರುತ್ತದೆ. ಯುರೋಪಿನ ಕನಿಷ್ಠ ಮಿತಿ ಶೇ. 37.5. ಬೆರಳು ಅಡ್ಡ ಹಿಡಿದು ಸುರಿಯುವವರು ಇದನ್ನು ನೆನಪಿಟ್ಟುಕೊಳ್ಳಬೇಕು. ಎಲ್ಲವನ್ನೂ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ಹಾಕಿ, ಐಸ್ ತುಂಬಿ, ಡಬ್ಬಿ ಹೊರಗೆಲ್ಲ ಬೆವರುವ ತನಕ ಅಲುಗಾಡಿಸಿ. ಟೀ ಸೋಸುವ ಜಾಲರಿಯಲ್ಲಿ ಸೋಸಿ. ಮೇಲೆ ಸ್ವಲ್ಪ ಬರೀ ಸೋಡಾ.

ಊರಿಗೆ ಹೋದಾಗ ನಾನು ಹೀಗೆ ಅಳೆಯುವುದನ್ನು ನೋಡಿ ಭಾವ ನಕ್ಕರು. “ಏನೋ ಇದು, ಮಗೀಗೆ ಜ್ವರದ ಔಷಧಿ ಹಾಕ್ದಂಗೆ!” ಕುಡಿದ ಮೇಲೆ, “ಇದ್ರಲ್ಲಿ ಎಣ್ಣೆ ಎಲ್ಲಿದೆ?” ಅಂತ ಇನ್ನೊಂದು ಲೋಟ ಕೇಳಿದರು. ಅಪಾಯ ಇರುವುದೂ ಅಲ್ಲೇ. ಹಣ್ಣಿನ ರಸದಲ್ಲಿ ಜಿನ್ ಅಡಗಿ ಕೂರುತ್ತದೆ. ಸ್ಕೂಟರ್ ಕೀ ಯಾರ ಕೈಯಲ್ಲಿದೆಯೋ ಅವರಿಗೆ ಜಿನ್ ಇಲ್ಲದ್ದೇ ಕೊಡಬೇಕು.

ನನ್ನ ವಾದದ ತಿರುಳೂ ಇದೇ. ಲಂಡನ್ನಿನವರಂತೆ ಜಿನ್ ಮೊದಲು ಸುರಿದು ಉಳಿದದ್ದನ್ನು ಕೂಡಿಸುವ ಬದಲು, ನಮ್ಮವರಂತೆ ಮೊದಲು ಒಂದು ಜಗ್ಗು ಪಾನಕ ಸರಿಯಾಗಿ ಮಾಡಿ. ಬೇಕಾದವರ ಲೋಟಕ್ಕೆ ಆಮೇಲೆ ಜಿನ್ ಹಾಕಿ. ಹಾಗೆ ಮಾಡಿದಾಗ ಅಕ್ಕನೂ ಅದೇ ಜಗ್ಗಿನಿಂದ ಕುಡಿದಳು, ಅವಳ ಮಗಳೂ ಕುಡಿದಳು, ಭಾವನೂ ಮಾಳಿಗೆ ಮೇಲೆ ಒಬ್ಬರೇ ಹೋಗಿ ಕೂರಲಿಲ್ಲ. ಅಮ್ಮನಿಗೆ ಸಿಟ್ಟಿತ್ತು, ಇರಲಿ. ಅವಳ ಮನೆ, ಅವಳ ಮಾತು. ಆದರೂ ಕದ್ದು ಕುಡಿಯುವ ಕ್ವಾರ್ಟರಿಗಿಂತ ಎಲ್ಲರೆದುರು ಕೂತು ಕುಡಿಯುವ ಒಂದು ಲೋಟ ವಾಸಿ ಅನ್ನುವುದು ನನ್ನ ಅನಿಸಿಕೆ.

ಐಸ್ ಬಗ್ಗೆ ಒಂದು ಮಾತು. ಊರಿನ ಫ್ರಿಜ್ಜಿನಲ್ಲಿ ಐಸ್ ಟ್ರೇ ಪಕ್ಕ ದೋಸೆ ಹಿಟ್ಟು, ಅರ್ಧ ಕೊಯ್ದ ಈರುಳ್ಳಿ ಇರುತ್ತವೆ, ಐಸಿಗೆಲ್ಲ ಅದೇ ವಾಸನೆ. ಮುಚ್ಚಳ ಇರುವ ಡಬ್ಬಿಯಲ್ಲಿ ಫಿಲ್ಟರ್ ನೀರು ಹಾಕಿ ದೊಡ್ಡ ಗಟ್ಟಿ ಮಾಡಿಕೊಳ್ಳಿ. ಬೇಗ ಕರಗುವುದೂ ಇಲ್ಲ.

ಜೊತೆಗೆ ನರ್ಗೀಸ್ ಮಂಡಕ್ಕಿ, ಮಿರ್ಚಿ ಸಾಕು. ಬೆಣ್ಣೆ ದೋಸೆ ಬೇಡ, ನಾಲಿಗೆಗೆ ಬೆಣ್ಣೆ ಮೆತ್ತಿಕೊಂಡರೆ ಪುದೀನ ಗೊತ್ತೇ ಆಗುವುದಿಲ್ಲ.

ಜೂನ್ ಬಂದರೆ ನೇರಳೆ ಹಣ್ಣು. 1980ರ ದಶಕದಲ್ಲಿ ಲಂಡನ್ನಿನ ಸೋಹೊದಲ್ಲಿ ಡಿಕ್ ಬ್ರಾಡ್ಸೆಲ್ ಮಾಡಿದ ‘ಬ್ರ್ಯಾಂಬಲ್’ ಅನ್ನುವ ಕಾಕ್‌ಟೇಲಿಗೆ ಬ್ಲ್ಯಾಕ್‌ಬೆರಿ ಮದ್ಯ ಬೀಳುತ್ತದೆ. ಅದರ ಜಾಗದಲ್ಲಿ ಬೀಜ ತೆಗೆದು ಕಿವುಚಿದ ನೇರಳೆ ಹಾಕಿ ನೋಡಿ. ಒಗರು ಹೆಚ್ಚು, ಹಾಗಾಗಿ ಪಾಕ ಇನ್ನೊಂದು ಚಮಚ ಬೇಕು, ನಿಂಬೆ ಸ್ವಲ್ಪ ಕಡಿಮೆ. ಬಿಳಿ ಅಂಗಿ ಹಾಕಿಕೊಂಡು ಮಾತ್ರ ಈ ಕೆಲಸಕ್ಕೆ ಕೂರಬೇಡಿ.