ಅಭ್ಯಾಸವಾದರೆ ಸರಿಯಾಗುತ್ತದಂತೆ

ಎಡಗೈಯವನು ಅಂಗಡಿಗೆ ಹೋಗಿ ಏನು ಕೇಳಿದರೂ ಮೊದಲು ಸಿಗುವುದು ಉಪದೇಶ. ಸಾಮಾನು ಸಿಕ್ಕಿದರೆ ಅದು ಆಮೇಲಿನ ಮಾತು. ಕತ್ತರಿ ಕೇಳಿದಾಗಲೂ ಹೀಗೆಯೇ ಆಗಿತ್ತು, ಹುಲ್ಲು ಕೊಯ್ಯುವ ಕತ್ತಿ ಕೇಳಿದಾಗಲೂ ಹೀಗೆಯೇ ಆಗಿತ್ತು. ಕಳೆದ ಶನಿವಾರ ಮಂಗಳೂರಿನ ಅಂಗಡಿಯೊಂದರಲ್ಲಿ ಗಾಳಿಯ ಒತ್ತಡದಿಂದ ಹೊಡೆಯುವ ಏರ್ ಪಿಸ್ತೂಲು ಕೇಳುವಾಗಲಾದರೂ ಬೇರೆ ಮಾತು ಕೇಳಿಬಂದೀತೆಂದು ನಂಬಿದ್ದೆ, ಏಕೆಂದರೆ ಒಂದು ಪಿಸ್ತೂಲಿನ ಬೆಲೆಗೆ ಕತ್ತಿಗಳು ರಾಶಿ ಬರುತ್ತವೆ. ಸಾಮಾನಿನ ಬೆಲೆ ಏರಿದಂತೆ ಉಪದೇಶವೂ ಉದ್ದವಾಗುತ್ತದೆ ಎಂಬುದಷ್ಟೇ ಅಲ್ಲಿ ತಿಳಿದದ್ದು.

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಆಸುಪಾಸಿನ ನಮ್ಮಂಥ ಅಡಿಕೆ ತೋಟದ ಮನೆಗಳಿಗೆ ಕೋವಿಯೇನೂ ಹೊಸತಲ್ಲ. ಅಜ್ಜನ ಕಾಲದ ಕೋವಿ ಒಳಕೋಣೆಯಲ್ಲಿರುತ್ತದೆ, ಚುನಾವಣೆ ಘೋಷಣೆಯಾದೊಡನೆ ಪೊಲೀಸ್ ಠಾಣೆ ಸೇರುತ್ತದೆ, ಫಲಿತಾಂಶ ಬಂದ ಮೇಲೆ ತವರಿಗೆ ಹೋಗಿಬಂದ ಸೊಸೆಯ ಹಾಗೆ ತುಸು ಬಿಗುಮಾನದಿಂದಲೇ ಮರಳುತ್ತದೆ. ಬೆಳೆ ಹಾಳುಮಾಡುವ ಕಾಡುಹಂದಿಗಳನ್ನು ಕೊಲ್ಲಿಸಲು ಅನುಮತಿ ಕೊಡುವ ಅಧಿಕಾರವನ್ನು ಕೇರಳ ಸರ್ಕಾರವು 2022ರ ಮೇ ತಿಂಗಳಲ್ಲಿ ಸ್ಥಳೀಯ ಸಂಸ್ಥೆಗಳ ಅಧ್ಯಕ್ಷರಿಗೆ ವಹಿಸಿದ ಮೇಲಂತೂ, ಲೈಸನ್ಸ್ ಇರುವ ಕೋವಿಯವರನ್ನು ಊಟಕ್ಕೆ ಕರೆಯುವವರು ಊರಿನಲ್ಲಿ ಹೆಚ್ಚಾಗಿದ್ದಾರೆ. ನನ್ನ ಆಸೆ ಆ ದಿಕ್ಕಿನದಾಗಿರಲಿಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ 10 ಮೀಟರ್ ಏರ್ ಪಿಸ್ತೂಲಿನಲ್ಲಿ ಒಂಟಿಯಾಗಿ ಒಂದು, ಸರಬ್ಜೋತ್ ಸಿಂಗ್ ಜೊತೆಗೂಡಿ ಇನ್ನೊಂದು, ಹೀಗೆ ಎರಡು ಕಂಚಿನ ಪದಕ ಗೆದ್ದದ್ದನ್ನು ನೋಡಿದ ಲಾಗಾಯ್ತು ನನ್ನ ತಲೆಯೊಳಗೆ ಒಂದು ಹುಳ ಹೊಕ್ಕಿತ್ತು. 10 ಮೀಟರ್ ದೂರದಲ್ಲಿ ನಿಂತು 11.5 ಮಿಲಿಮೀಟರ್ ಅಗಲದ ಹತ್ತು ಅಂಕದ ವೃತ್ತಕ್ಕೆ 75 ನಿಮಿಷಗಳಲ್ಲಿ 60 ಪೆಲೆಟ್, ಎಂದರೆ ಚಿಕ್ಕ ಗುಂಡು, ಹೊಡೆಯುವ ಈ ಆಟದಲ್ಲಿ ಓಡಬೇಕಾಗಿಲ್ಲ, ಹಾರಬೇಕಾಗಿಲ್ಲ, ನಡುವಯಸ್ಸಿನ ಹೊಟ್ಟೆಗೂ ಆಕ್ಷೇಪವಿಲ್ಲ. ಮೇಲಾಗಿ 0.177 ಇಂಚಿನ ನಳಿಗೆಯ, 20 ಜೌಲ್‌ಗಿಂತ ಕಡಿಮೆ ಶಕ್ತಿಯ ಏರ್ ಪಿಸ್ತೂಲಿಗೆ ನಮ್ಮ ದೇಶದಲ್ಲಿ ಲೈಸನ್ಸ್ ಬೇಕಾಗಿಲ್ಲ. ಲೈಸನ್ಸ್ ಬೇಡವಾದರೂ ಬಲಗೈ ಕಡ್ಡಾಯವೆಂಬುದು ಯಾವ ಕಾನೂನಿನಲ್ಲಿಯೂ ಬರೆದಿಲ್ಲವಾದ್ದರಿಂದ ನಾನು ನಿಶ್ಚಿಂತೆಯಿಂದ ರೈಲು ಹತ್ತಿದ್ದೆ.

ಸ್ಪರ್ಧೆಯ ಏರ್ ಪಿಸ್ತೂಲುಗಳಲ್ಲಿ ಲೋಹದ ಭಾಗಕ್ಕೆ ಎಡ ಬಲಗಳ ಹಂಗು ಹೆಚ್ಚಿಲ್ಲ. ತಕರಾರೆಲ್ಲ ಮರದ ಗ್ರಿಪ್ಪಿನದು. ಅಂಗೈಯ ತಗ್ಗನ್ನು ತುಂಬುವಂತೆ ಒಂದು ಪಕ್ಕ ಉಬ್ಬು, ಇನ್ನೊಂದು ಪಕ್ಕ ಬೆರಳುಗಳು ಕೂರಲು ತೋಡು, ಹೆಬ್ಬೆರಳಿಗೊಂದು ಚಿಕ್ಕ ಜಗಲಿ, ಕೆಳಗೆ ಕೈಯ ಅಂಚನ್ನು ತಾಂಗಲು ಸ್ಕ್ರೂ ಸಡಿಲಿಸಿ ಮೇಲೆ ಕೆಳಗೆ ಸರಿಸಬಹುದಾದ ಒಂದು ತಟ್ಟು. ಈ ಆಟದಲ್ಲಿ ಪಿಸ್ತೂಲನ್ನು ಒಂದೇ ಕೈಯಲ್ಲಿ ಹಿಡಿಯಬೇಕು, ಮಣಿಕಟ್ಟಿಗೆ ಯಾವ ಆಸರೆಯೂ ಇರಕೂಡದು ಎಂಬ ನಿಯಮವಿರುವುದರಿಂದ ಎಲ್ಲವೂ ಗ್ರಿಪ್ಪು ಕೈಗೆ ಒಪ್ಪುವುದರ ಮೇಲೆಯೇ ನಿಂತಿದೆ. ಬಲಗೈಯದನ್ನು ಎಡಗೈಯಲ್ಲಿ ಹಿಡಿದರೆ ಬೆರಳಿನ ತೋಡುಗಳ ಏಣು ಅಂಗೈಗೆ ಒತ್ತುತ್ತದೆ, ಅಂಗೈಗೆಂದು ಮಾಡಿದ ಉಬ್ಬು ಬೆರಳುಗಳನ್ನು ಹೊರಕ್ಕೆ ತಳ್ಳುತ್ತದೆ, ಹೆಬ್ಬೆರಳು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಗಾಳಿಯಲ್ಲಿ ನಿಲ್ಲುತ್ತದೆ. ಮೊರೀನಿ, ಸ್ಟೈಯರ್, ಫೈನ್‌ವರ್ಕ್‌ಬೌ ಮುಂತಾದ ಹೆಸರಾಂತ ತಯಾರಕರು ಎಡಗೈಯ ಗ್ರಿಪ್ಪುಗಳನ್ನೂ ಬೇರೆ ಬೇರೆ ಅಳತೆಗಳಲ್ಲಿ ಮಾಡುತ್ತಾರೆ. ಆದ್ದರಿಂದ ನಾನು ಕೇಳಿದ್ದು ಲೋಕದಲ್ಲಿಲ್ಲದ ವಸ್ತುವನ್ನೇನೂ ಅಲ್ಲ.

ಅಂಗಡಿಯ ಯಜಮಾನರು ಸಜ್ಜನರು, ಕುಳಿತುಕೊಳ್ಳಲು ಕುರ್ಚಿ ಕೊಟ್ಟರು, ಚಹಾ ತರಿಸಿದರು. ಅವರಿಗಿದ್ದುದು ಒಂದೇ ಅಭ್ಯಾಸ. ನಾನು ಪಿಸ್ತೂಲನ್ನು ಎಡಗೈಯಲ್ಲಿ ಎತ್ತಿಕೊಂಡಾಗಲೆಲ್ಲ ಅವರು ಬಹಳ ಮೃದುವಾಗಿ ಅದನ್ನು ಬಿಡಿಸಿಕೊಂಡು, ನನ್ನ ಬಲಗೈಯನ್ನು ಹುಡುಕಿ ಹಿಡಿದು, ಅದರೊಳಗೆ ಇಟ್ಟು, “ಹೀಗೆ ಸಾರ್” ಎನ್ನುತ್ತಿದ್ದರು. “ನಾನು ಎಡಚ” ಎಂದು ಹೇಳಿದರೆ “ಗೊತ್ತಾಯ್ತು, ಗೊತ್ತಾಯ್ತು” ಎಂದು ತಲೆಯಾಡಿಸಿ, ಮುಂದಿನ ಪಿಸ್ತೂಲನ್ನು ಪೆಟ್ಟಿಗೆಯಿಂದ ತೆಗೆದು ಮತ್ತೆ ಬಲಗೈಗೇ ಕೊಡುತ್ತಿದ್ದರು. ಚಹಾದ ಲೋಟವನ್ನು ನಾನು ಎಡಗೈಯಲ್ಲಿ ಹಿಡಿದಾಗಲೂ ಅವರ ಕೈ ಅರ್ಧ ದಾರಿಯವರೆಗೆ ಬಂದು ಹಿಂದೆ ಹೋಯಿತು.

“ಅಭ್ಯಾಸ ಆಗ್ತದೆ ಸಾರ್. ಬೇಕಾದರೆ ನಿಮ್ಮ ಕಣ್ಣು ಯಾವುದು ನೋಡುವ” ಎಂದು ಅವರು ಕೊನೆಗೆ ಕಣ್ಣಿನ ಪರೀಕ್ಷೆಗೆ ಇಳಿದರು. ಇದು ಸಾಚಾ ಪರೀಕ್ಷೆಯೇ. ಎರಡೂ ಕೈಗಳನ್ನು ಮುಂದಕ್ಕೆ ಚಾಚಿ, ಬೆರಳುಗಳ ನಡುವೆ ಚಿಕ್ಕ ಕಿಂಡಿ ಮಾಡಿ, ಎರಡೂ ಕಣ್ಣು ತೆರೆದು ಅದರೊಳಗಿನಿಂದ ದೂರದ ವಸ್ತುವೊಂದನ್ನು ನೋಡಬೇಕು. ಬಳಿಕ ಒಂದೊಂದೇ ಕಣ್ಣನ್ನು ಮುಚ್ಚಬೇಕು. ಯಾವ ಕಣ್ಣು ತೆರೆದಿರುವಾಗ ವಸ್ತು ಕಿಂಡಿಯಲ್ಲಿಯೇ ಉಳಿಯುತ್ತದೆಯೋ ಅದು ಗುರಿ ನೋಡುವಾಗ ಮುಂದಾಗುವ ಪ್ರಧಾನ ಕಣ್ಣು. ಗೋಡೆಯ ಗಡಿಯಾರವನ್ನು ಗುರಿಯಾಗಿಟ್ಟು ನೋಡಿದೆ. ಬಲಗಣ್ಣು! ಯಜಮಾನರ ಮುಖ ಅರಳಿತು. “ನೋಡಿ, ದೇವರೇ ಬಲಗಡೆ ಹೇಳಿದ್ದಾನೆ. ಕಣ್ಣು ಬಲ ಆದ ಮೇಲೆ ಕೈ ಮಾತ್ರ ಯಾಕೆ ಎಡ?” ಎಡಗೈ ಮತ್ತು ಬಲಗಣ್ಣಿನ ಜೋಡಿ ಅಪರೂಪವೇನೂ ಅಲ್ಲ. ರೈಫಲ್ಲಿನಲ್ಲಾದರೆ ಹಿಡಿಯನ್ನು ಕೆನ್ನೆಗೊತ್ತಿ ಹೊಡೆಯಬೇಕಾದ್ದರಿಂದ ಅದು ತೊಡಕು. ಪಿಸ್ತೂಲಿನಲ್ಲಿ ತೋಳು ಚಾಚಿರುವುದರಿಂದ ತಲೆಯನ್ನು ತುಸು ತಿರುಗಿಸಿದರೆ ಕೆಲಸ ನಡೆಯುತ್ತದೆ. ಇದನ್ನು ವಿವರಿಸಲು ನಾನು ಬಾಯಿ ತೆರೆಯುವಷ್ಟರಲ್ಲಿ ಪರೀಕ್ಷೆ ಸಾರ್ವಜನಿಕವಾಗಿಬಿಟ್ಟಿತ್ತು.

ತೆಂಗಿನ ತೋಟದ ಮಂಗಗಳನ್ನು ಬೆದರಿಸಲು ಪೆಲೆಟ್ ಕೊಳ್ಳಲು ಬಂದಿದ್ದ ಹಿರಿಯರೊಬ್ಬರು ಕೈಚೀಲವನ್ನು ಕೆಳಗಿಟ್ಟು ಕಿಂಡಿ ಮಾಡಿದರು. ಬಲಗೈ, ಬಲಗಣ್ಣು. ಪರೀಕ್ಷೆಯಲ್ಲಿ ಪಾಸಾದವರ ಹಾಗೆ ನನ್ನತ್ತ ಕನಿಕರದಿಂದ ನೋಡಿದರು. ಅಂಗಡಿಯ ಹುಡುಗನಿಗೆ ಒಂದೇ ಕಣ್ಣು ಮುಚ್ಚಲು ಬರುತ್ತಿರಲಿಲ್ಲ. ಒಂದನ್ನು ಮುಚ್ಚಿದರೆ ಇನ್ನೊಂದೂ ಮುಚ್ಚಿಕೊಳ್ಳುತ್ತಿತ್ತು. “ಎಂತ ಕಾಣ್ತದೆ?” ಎಂದು ಯಜಮಾನರು ಕೇಳಿದರೆ ಅವನು ಪ್ರಾಮಾಣಿಕವಾಗಿ “ಕತ್ತಲೆ” ಎಂದ. ಕಡೆಗೆ ಯಜಮಾನರೇ ನಿಂತು ತೋರಿಸಲು ಹೊರಟರು. ಬಲಗಣ್ಣಿನಲ್ಲಿ ನೋಡಿದರೆ ಗಡಿಯಾರ ಕಿಂಡಿಯಿಂದ ಮಾಯವಾಗುತ್ತಿತ್ತು, ಎಡಗಣ್ಣಿನಲ್ಲಿ ನೋಡಿದರೆ ಮುಳ್ಳು ಸಮೇತ ಕಾಣುತ್ತಿತ್ತು. ಅವರು ಕನ್ನಡಕ ತೆಗೆದು ನೋಡಿದರು, ಒರೆಸಿಕೊಂಡು ಮತ್ತೆ ಹಾಕಿ ನೋಡಿದರು, ಎರಡು ಹೆಜ್ಜೆ ಹಿಂದೆ ಸರಿದು ನೋಡಿದರು. “ಗಡಿಯಾರ ಸ್ವಲ್ಪ ಎಡಕ್ಕೆ ಉಂಟು” ಎಂದು ಹುಡುಗನನ್ನು ಸ್ಟೂಲಿನ ಮೇಲೆ ಹತ್ತಿಸಿ, ಅದನ್ನು ಪಕ್ಕದ ಮೊಳೆಗೆ ತೂಗುಹಾಕಿಸಿ ಮತ್ತೊಮ್ಮೆ ನೋಡಿದರು. ಕಣ್ಣು ತನ್ನ ಮಾತು ಬದಲಿಸಲಿಲ್ಲ. “ಹಾಗಾದರೆ ನೀವು ಎಡಗೈಗೆ ಬದಲಾಯಿಸಬೇಕಲ್ಲವೇ? ಅಭ್ಯಾಸವಾಗುತ್ತದೆ” ಎಂದೆ. ಅವರು ಕ್ಷಣವೂ ತಡೆಯದೆ, “ನಾನು ಹೊಡೆಯುವವ ಅಲ್ಲ ಸಾರ್, ಮಾರುವವ” ಎಂದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ, ಗಡಿಯಾರವಂತೂ ಹೊಸ ಮೊಳೆಯಲ್ಲಿಯೇ ಉಳಿಯಿತು.

ಮನೆಗೆ ಬಂದರೆ ಭಾವನವರು ಕಾದು ಕುಳಿತಿದ್ದರು. ಅವರು ಮೊಬೈಲಿನಲ್ಲಿ ಹಂಗೇರಿಯ ಕರೋಲಿ ಟಕಾಚ್ ಎಂಬ ಶೂಟರನ ಕತೆಯನ್ನು ಓದಿದ್ದರು. ಆತ ಸೈನಿಕ, 1938ರಲ್ಲಿ ಗ್ರೆನೇಡ್ ಸಿಡಿದು ಬಲಗೈ ಹಾಳಾಯಿತು, ಎಡಗೈಯಲ್ಲಿ ಹೊಡೆಯುವುದನ್ನು ಹೊಸದಾಗಿ ಕಲಿತು 1948ರ ಲಂಡನ್ ಮತ್ತು 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ಗಳಲ್ಲಿ ಚಿನ್ನ ಗೆದ್ದ. ಕೇಳಿದರೆ ಮೈ ಜುಮ್ಮೆನ್ನುವ ಸಂಗತಿಯೇ ಹೌದು. ಆದರೆ ಭಾವನವರು ಅದರಿಂದ ಹೊರಡಿಸಿದ ತೀರ್ಮಾನವೇನೆಂದರೆ, “ಅವನು ಬಲದಿಂದ ಎಡಕ್ಕೆ ಬಂದ, ನೀವು ಎಡದಿಂದ ಬಲಕ್ಕೆ ಬಂದರಾಯ್ತು. ದಾರಿ ಅದೇ ಅಲ್ವಾ ಭಾವಾ?” ದಾರಿ ಅದೇ, ನಡುವೆ ಒಂದು ಗ್ರೆನೇಡ್ ಬೇಕು, ಅಷ್ಟೇ. ನಾಲ್ಕು ಸಾವಿರ ಮೈಲಿ ದೂರದ ಎಡಗೈ ಚಾಂಪಿಯನ್ನನನ್ನೂ ನನ್ನ ಎಡಗೈಯ ವಿರುದ್ಧ ಸಾಕ್ಷಿ ಹೇಳಲು ಕರೆತರಬಹುದೆಂದು ನಾನು ಎಣಿಸಿರಲಿಲ್ಲ.

ತೋಟೆ ಹಾಕುವ ಪಿಸ್ತೂಲುಗಳ ಲೋಕವೂ ಉದಾರವೇನಲ್ಲ. ಬಹುಪಾಲು ಪಿಸ್ತೂಲುಗಳಲ್ಲಿ ಖಾಲಿ ತೋಟೆ ಬಲಕ್ಕೆ ಹಾರುತ್ತದೆ, ಎಂದರೆ ಎಡಗೈಯವನ ಕಣ್ಣ ಮುಂದಿನಿಂದಲೇ. ತೋಟೆ ತುಂಬಿಸಿಡುವ ಮ್ಯಾಗಝೀನನ್ನು ಬಿಡಿಸುವ ಗುಂಡಿ ಬಲಗೈಯ ಹೆಬ್ಬೆರಳಿಗೆ ಅನುಕೂಲವಾಗುವಂತೆ ಎಡಮಗ್ಗುಲಲ್ಲಿರುತ್ತದೆ. ಆ ಗುಂಡಿಯನ್ನು ಎಡದಿಂದ ಬಲಕ್ಕೆ ಬದಲಾಯಿಸಬಹುದಾದ ಮಾದರಿಗಳು ಈಗ ಇವೆ. ಆದರೆ ಅವುಗಳ ಲೈಸನ್ಸಿನ ದಾರಿ ಎಷ್ಟು ಉದ್ದವೆಂದರೆ, ಅದು ಮುಗಿಯುವಷ್ಟರಲ್ಲಿ ನಾನು ನಿಜವಾಗಿಯೂ ಬಲಗೈಗೆ ಬದಲಾಗಿರುತ್ತೇನೆ.

ಬಲಗೈ ನನಗೆ ಬರುವುದೇ ಇಲ್ಲವೆಂದಲ್ಲ. ಈ ಲೇಖನವನ್ನು ಬರೆದದ್ದು ಬಲಗೈಯಲ್ಲಿಯೇ. ಶಾಲೆಯಲ್ಲಿ ಸ್ಲೇಟುಕಡ್ಡಿಯನ್ನು ಎಡಗೈಗೆ ತೆಗೆದುಕೊಂಡಾಗಲೆಲ್ಲ ಅಡಿಕೋಲು ಗೆಣ್ಣಿನ ಮೇಲೆ ಬೀಳುತ್ತಿತ್ತು. ಊಟದೆಲೆಯ ಮುಂದೆ ಕೂತರೆ ಅಜ್ಜಿ ನನ್ನ ಎಡಗೈಯನ್ನು ತನ್ನ ಸೆರಗಿನೊಳಗೆ ಹಿಡಿದಿಟ್ಟುಕೊಳ್ಳುತ್ತಿದ್ದಳು. ಆ ಹಿಡಿತ ಬೆಚ್ಚಗಿರುತ್ತಿತ್ತು, ಬಿಡಿಸಿಕೊಳ್ಳಬೇಕೆಂದು ಆಗ ಅನ್ನಿಸುತ್ತಲೂ ಇರಲಿಲ್ಲ. ಬರವಣಿಗೆ, ಊಟ, ದಾನ, ಪ್ರಸಾದ ಎಲ್ಲವೂ ಒಂದೊಂದಾಗಿ ಬಲಕ್ಕೆ ಹೋದವು. ಎಡಕ್ಕೆ ಉಳಿದದ್ದು ಕಲ್ಲೆಸೆದು ಮಾವಿನಕಾಯಿ ಬೀಳಿಸುವ ವಿದ್ಯೆ ಮಾತ್ರ, ಏಕೆಂದರೆ ಅದನ್ನು ಯಾರೂ ಕಲಿಸಿರಲಿಲ್ಲ. ಗುರಿಯ ವಿಷಯದಲ್ಲಿ ನಾನು ಎಡಗೈಯನ್ನು ಬಿಟ್ಟುಕೊಡದಿರುವುದಕ್ಕೆ ಇದಕ್ಕಿಂತ ದೊಡ್ಡ ಶಾಸ್ತ್ರೀಯ ಕಾರಣವಿಲ್ಲ.

ಸ್ವಂತ ಪಿಸ್ತೂಲು ಬರುವ ಮೊದಲೇ ನಾನು ಹೋಗಿಬರುತ್ತಿರುವ ಶೂಟಿಂಗ್ ರೇಂಜಿನಲ್ಲಿ ಇನ್ನೊಂದು ತಮಾಷೆಯಿದೆ. ಬಲಗೈಯವರು ಬಲಭುಜವನ್ನು ಗುರಿಯ ಕಡೆಗೆ ಮಾಡಿ ಅಡ್ಡಲಾಗಿ ನಿಲ್ಲುವುದರಿಂದ, ಸಾಲಿನಲ್ಲಿರುವ ಪ್ರತಿಯೊಬ್ಬರಿಗೂ ಪಕ್ಕದವರ ಬೆನ್ನೇ ಕಾಣುತ್ತದೆ. ನಡುವೆ ಎಡಗೈಯವನೊಬ್ಬ ನಿಂತರೆ ಅವನೂ ಅವನ ಬಲಪಕ್ಕದವನೂ ಎದುರುಬದುರಾಗುತ್ತಾರೆ. ನನ್ನ ಬಲಕ್ಕೆ ನಿಲ್ಲುವ ಕಾಲೇಜು ಹುಡುಗ ಪ್ರತಿ ಹೊಡೆತದ ನಡುವೆ ಪಿಸ್ತೂಲು ಇಳಿಸಿದಾಗಲೆಲ್ಲ ನನ್ನ ಮುಖವನ್ನು ನೋಡಬೇಕಾಗುತ್ತದೆ. ಮೊದಲು ನಗುತ್ತಿದ್ದ. ಈಗ ಗೋಡೆಯ ಪಕ್ಕದ ಲೇನು ಕೇಳಿ ಪಡೆದಿದ್ದಾನೆ.

ಕೊನೆಗೆ ಆರಿಸಿಕೊಂಡದ್ದನ್ನೂ ಹೇಳಿಬಿಡುತ್ತೇನೆ. ಎಡ ಬಲ ಎರಡಕ್ಕೂ ಒಗ್ಗುವ ಗ್ರಿಪ್ಪಿನ ಅಗ್ಗದ ಪಿಸ್ತೂಲುಗಳಿವೆ; ಹಿಡಿಯಬಹುದು, ಆದರೆ ಯಾವ ಕೈಗೂ ಪೂರ್ತಿ ಒಪ್ಪುವುದಿಲ್ಲ. ಬಲಗೈ ಗ್ರಿಪ್ಪನ್ನು ಕೊಂಡು ಅರದಿಂದ ಉಜ್ಜಿ, ಮರದ ಪುಟ್ಟಿ ತುಂಬಿಸಿ ಎಡಗೈಯದನ್ನಾಗಿ ಮಾಡಿಕೊಡುತ್ತೇನೆಂದು ನಮ್ಮೂರ ಆಚಾರಿಗಳು ಧೈರ್ಯ ಕೊಟ್ಟರು. ಅವರು ಕೈಯಲ್ಲಿ ಉಳಿ ಹಿಡಿದಿದ್ದ ರೀತಿ ನೋಡಿ ನಾನೇ ಹಿಂದೆ ಸರಿದೆ. ಆದ್ದರಿಂದ ಎಡಗೈ ಗ್ರಿಪ್ಪು ಸಿಗುವ ಮಾದರಿಯನ್ನೇ ಹಿಡಿದು, ಅಂಗೈಯ ಅಳತೆಯನ್ನು ಕಾಗದದ ಮೇಲೆ ಗೆರೆ ಎಳೆದು ಕಳಿಸಿ, ಮುಂಗಡ ಕೊಟ್ಟು ಬಂದಿದ್ದೇನೆ. ಗೆರೆ ಎಳೆಯುವಾಗ ಯಜಮಾನರು ಮೊದಲು ನನ್ನ ಬಲಗೈಯನ್ನು ಕಾಗದದ ಮೇಲೆ ಇಟ್ಟರೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಸುದ್ದಿ ಊರಿಗೆ ತಿಳಿದ ಮೇಲೆ ಪಕ್ಕದ ತೋಟದ ಮಾವ, “ಬೆಡಿ ಬಂತಂತಲ್ಲ, ಹಂದಿಗೆ ಯಾವಾಗ ಬರ್ತೀಯ?” ಎಂದು ಕೇಳಿದ್ದಾರೆ. ಅರ್ಧ ಗ್ರಾಂ ತೂಕದ ಪೆಲೆಟ್ಟಿನಿಂದ ಹಂದಿಗೆ ತುರಿಕೆಯೂ ಆಗದು ಎಂದರೆ ನಂಬಲಿಲ್ಲ. ಭಾವನವರ ಚಿಂತೆ ಅದಕ್ಕಿಂತ ವ್ಯಾವಹಾರಿಕವಾದದ್ದು: “ಎಡಗೈಯದ್ದನ್ನು ನಾಳೆ ಮಾರುವುದಾದರೆ ತೆಗೆದುಕೊಳ್ಳುವವರು ಯಾರು?” ನಾನು ಉತ್ತರಿಸಲಿಲ್ಲ. ಅವರ ಕಿರಿಯ ಮಗಳು ಅದೇ ಹೊತ್ತಿಗೆ ಅಡುಗೆಮನೆಯ ಬಾಗಿಲಲ್ಲಿ ಕೂತು ಎಡಗೈಯಲ್ಲಿ ದೋಸೆ ಹರಿದು ತಿನ್ನುತ್ತಿದ್ದಳು. ಅವಳಿಗೆ ಇನ್ನೊಂದು ಏಳೆಂಟು ವರ್ಷ ತುಂಬಲಿ, ಭಾವನವರಿಗೇ ಒಳ್ಳೆಯ ಬೆಲೆಗೆ ಮಾರುತ್ತೇನೆ.